ಮೂರು ನೆಗೆಟಿವ್, ಒಂದು ಮುಖ: ದಾವಣಗೆರೆಯಲ್ಲಿ ಕಟ್ಟಿದ ಬಣ್ಣದ ಕ್ಯಾಮೆರಾ

ಹಳೆಯ ಮರದ ಕ್ಯಾಮೆರಾ ಒಂದನ್ನು ರಿಪೇರಿ ಮಾಡಿ, ಕಪ್ಪು ಬಿಳುಪು ಫಿಲ್ಮಿನಲ್ಲೇ ಬಣ್ಣದ ಪೋರ್ಟ್ರೇಟ್ ತೆಗೆದ ಕೆಲಸ ಇದು. ಕೆಂಪು, ಹಸಿರು, ನೀಲಿ ಫಿಲ್ಟರ್ ಇಟ್ಟು ಒಂದೇ ಮುಖವನ್ನು ಮೂರು ಸಲ ತೆಗೆಯೋದು. ಆಮೇಲೆ ಮೂರನ್ನೂ ಒಂದರ ಮೇಲೊಂದು ಕೂರಿಸೋದು. ವೆಲ್ಡಿಂಗ್, ಪ್ಲೈವುಡ್, ಗಾಜು, ಪರದೆ ಎಲ್ಲವೂ ದಾವಣಗೆರೆಯಲ್ಲೇ ಆಯಿತು. ಮಾಡಬೇಕು ಅನ್ನುವವರಿಗೆ ಉಪಯೋಗಕ್ಕೆ ಬರಲಿ ಅಂತ ಬರೆದಿಡುತ್ತಿದ್ದೇನೆ.

ಈ ದಾರಿ ಹಿಡಿಸಿದ್ದು ಮೇಡಂ ಯೆವಾಂಡ್ ಅನ್ನುವ ಇಂಗ್ಲಿಷ್ ಫೋಟೋಗ್ರಾಫರ್. 1893ರಲ್ಲಿ ಲಂಡನ್ನಿನಲ್ಲಿ ಹುಟ್ಟಿದವರು. ಹರೆಯದಲ್ಲಿ ಹೆಂಗಸರಿಗೆ ಓಟಿನ ಹಕ್ಕು ಬೇಕು ಅನ್ನುವ ಚಳವಳಿಯಲ್ಲಿದ್ದರು. ಲ್ಯಾಲಿ ಚಾರ್ಲ್ಸ್ ಅನ್ನುವ ಇನ್ನೊಬ್ಬ ಮಹಿಳೆಯ ಸ್ಟುಡಿಯೊದಲ್ಲಿ ಕೆಲಸ ಕಲಿತು, 1914ರಲ್ಲಿ, ಇನ್ನೂ 21ರ ವಯಸ್ಸಿಗೆ ಸ್ವಂತ ಸ್ಟುಡಿಯೊ ತೆರೆದರು. 1921ರಲ್ಲಿ ವೃತ್ತಿಪರ ಫೋಟೋಗ್ರಾಫರುಗಳ ಸಮ್ಮೇಳನದಲ್ಲಿ ನಿಂತು, ಹೆಣ್ಣಿನ ಕಣ್ಣಲ್ಲಿ ಪೋರ್ಟ್ರೇಟ್ ಅಂದರೆ ಏನು ಅಂತ ಮಾತಾಡಿದರು. 1930ರ ದಶಕದಲ್ಲಿ ವಿವೆಕ್ಸ್ ಅನ್ನುವ ಬಣ್ಣದ ವಿಧಾನ ಕೈಗೆ ಸಿಕ್ಕಿತು. ಮೂರು ಫಿಲ್ಟರ್, ಮೂರು ನೆಗೆಟಿವ್. ಪ್ರಿಂಟ್ ಮಾಡುವಾಗ ಮೂರು ಬಣ್ಣದ ಪದರಗಳನ್ನು ಕೈಯಲ್ಲೇ ಹೊಂದಿಸಿ ಕೂರಿಸುತ್ತಿದ್ದರು. ಬಣ್ಣದ ಫೋಟೋ ಅಂದರೆ ಕಲೆಯೇ ಅಲ್ಲ ಅಂತ ಮೂಗು ಮುರಿಯುವವರೇ ಜಾಸ್ತಿ ಇದ್ದ ಕಾಲ ಅದು.

1935ರಲ್ಲಿ ಅವರು ತಮ್ಮ ಊರಿನ ದೊಡ್ಡ ಮನೆತನದ ಹೆಂಗಸರನ್ನು ಗ್ರೀಕ್ ಮತ್ತು ರೋಮನ್ ಪುರಾಣದ ಪಾತ್ರಗಳಾಗಿ ಕೂರಿಸಿದರು. ಒಬ್ಬರು ಹಾವಿನ ಕೂದಲಿನ ಮೆಡೂಸಾ. ಕುತ್ತಿಗೆ ಸುತ್ತ ರಬ್ಬರ್ ಹಾವು. ಇನ್ನೊಬ್ಬರು ವಿದ್ಯೆ ಮತ್ತು ಯುದ್ಧದ ದೇವತೆ ಮಿನರ್ವಾ. ತಲೆಗೆ ಹೆಲ್ಮೆಟ್, ಕೈಯಲ್ಲಿ ಪಿಸ್ತೂಲು, ಪಕ್ಕದಲ್ಲಿ ಹುಲ್ಲು ತುಂಬಿದ ಗೂಬೆ. ಅಲ್ಲಿ ಯಾರೂ ನಾಚಿಕೊಂಡು ಕೂತಿಲ್ಲ. ವೇಷ ಸಿಕ್ಕಿದ ಕೂಡಲೇ ಆ ಹೆಂಗಸರಿಗೆ ಬೇರೆ ಥರ ನೋಡುವ ಧೈರ್ಯ ಬಂದಿದೆ.

ನಮ್ಮ ಕಡೆ ಸ್ಟುಡಿಯೊ ಫೋಟೋ ಅಂದರೆ ಹೆಣ್ಣುಮಗಳಿಗೆ ಏನಿತ್ತು? ಗಂಡಿನ ಕಡೆಯವರಿಗೆ ಕಳಿಸೋ ಫೋಟೋ. ಒಂದು ಕೈ ಕುರ್ಚಿಯ ಮೇಲೆ, ಪಕ್ಕದಲ್ಲಿ ಪ್ಲಾಸ್ಟಿಕ್ ಹೂವಿನ ಕುಂಡ, ಹಿಂದೆ ಸರೋವರದ ಪರದೆ. ‘ಗಲ್ಲ ಸ್ವಲ್ಪ ಕೆಳಗೆ’, ‘ಸೆರಗು ಸರಿ ಮಾಡಮ್ಮ’, ‘ಹಲ್ಲು ಕಾಣಬಾರದು’. ಆಮೇಲೆ ರೀಟಚಿಂಗ್ ಪೆನ್ಸಿಲ್ಲಿನಲ್ಲಿ ಮುಖ ಬೆಳ್ಳಗೆ. ಹೇಗೆ ಕೂರಲಿ, ಯಾರಾಗಿ ಕಾಣಲಿ ಅನ್ನೋದನ್ನು ಕೂತವಳನ್ನು ಯಾರೂ ಕೇಳುತ್ತಿರಲಿಲ್ಲ. ನಾನು ಮದುವೆ ಫೋಟೋ ತೆಗೆದೇ ಹೊಟ್ಟೆ ಹೊರೆಯುವವಳು. ಈ ಮಾತುಗಳು ಇವತ್ತಿಗೂ ನನ್ನ ಕಿವಿಗೆ ಬೀಳುತ್ತವೆ. ಅದಕ್ಕೇ ಈ ಕೆಲಸ.

ಬೆಲ್ಲೋಸ್

ಕ್ಯಾಮೆರಾ ವಾಗೀಶ್ವರಿ. ಕೇರಳದ ಆಲಪ್ಪುಳದಲ್ಲಿ ಕೆ. ಕರುಣಾಕರನ್ ಅವರು ತಯಾರಿಸುತ್ತಿದ್ದ ಮರದ ಫೀಲ್ಡ್ ಕ್ಯಾಮೆರಾ. ಒಂದು ಕಾಲಕ್ಕೆ ನಮ್ಮ ದೇಶದ ಸ್ಟುಡಿಯೊಗಳಲ್ಲಿ ತುಂಬಾ ಓಡಿದ ಹೆಸರು. ನನ್ನದು ಹಾಫ್ ಪ್ಲೇಟ್, ಅಂದರೆ ಫೋಟೋ ಬೀಳುವ ಗಾಜಿನ ಪ್ಲೇಟಿನ ಅಳತೆ ನಾಲ್ಕೂ ಮುಕ್ಕಾಲು ಇಂಚಿಗೆ ಆರೂವರೆ ಇಂಚು. ಮುಚ್ಚಿಹೋದ ಸ್ಟುಡಿಯೊ ಒಂದರ ಮನೆಯವರು ಕೊಟ್ಟರು. ಮರ ಗಟ್ಟಿ, ಹಿತ್ತಾಳೆ ಕಪ್ಪಾಗಿತ್ತು ಅಷ್ಟೇ. ಹಿಂದಿನ ಗಾಜು ಸೀಳಿತ್ತು. ಪ್ಲೇಟ್ ಹಾಕುವ ಸ್ಲೈಡುಗಳು ಇರಲಿಲ್ಲ.

ಬೆಲ್ಲೋಸ್ ಅಂದರೆ ಲೆನ್ಸಿಗೂ ಹಿಂಬದಿಗೂ ನಡುವೆ ಹಾರ್ಮೋನಿಯಂ ತಿದಿಯಂತೆ ಮಡಚಿಕೊಳ್ಳುವ ಭಾಗ. ಅದರಲ್ಲಿ ಬೆಳಕು ನುಗ್ಗುತ್ತದೆಯಾ ಅನ್ನುವ ಪರೀಕ್ಷೆ ಸುಲಭ. ಕತ್ತಲೆ ಕೋಣೆಯಲ್ಲಿ ಬೆಲ್ಲೋಸನ್ನು ಪೂರ್ತಿ ಎಳೆದು, ಒಳಗೆ ಸಣ್ಣ ಎಲ್‌ಇಡಿ ಟಾರ್ಚ್ ಇಡಬೇಕು. ಕಣ್ಣು ಕತ್ತಲೆಗೆ ಹೊಂದುವವರೆಗೆ ಸುಮ್ನೆ ಕೂರಬೇಕು. ನನ್ನದರಲ್ಲಿ ಮಡಿಕೆಯ ಮೂಲೆಗಳೆಲ್ಲ ಚುಕ್ಕಿ ಚುಕ್ಕಿ ಹೊಳೆದವು. ಸವೆಯೋದು ಯಾವಾಗಲೂ ಮೂಲೆಯಲ್ಲೇ. ಪ್ರತಿ ಚುಕ್ಕಿಗೂ ಸೀಮೆಸುಣ್ಣದ ಗುರುತು ಹಾಕಿಕೊಂಡೆ.

ಮರಕ್ಕೆ ಹಚ್ಚುವ ಬಿಳಿ ಅಂಟು ಇಲ್ಲಿ ಬೇಡ. ಒಣಗಿ ಗಟ್ಟಿಯಾದರೆ ಮಡಚಿದಾಗ ಬಿರಿಯುತ್ತದೆ. ಚಪ್ಪಲಿ ರಿಪೇರಿಯವರು ಬಳಸುವ ರಬ್ಬರ್ ಅಂಟು ಬೇಕು. ಕೊಡೆಯ ಕಪ್ಪು ಬಟ್ಟೆಯನ್ನು ಉಗುರಿನಷ್ಟು ತುಂಡು ಮಾಡಿ, ಎರಡೂ ಕಡೆ ಅಂಟು ಸವರಿ, ಕೈಗೆ ಅಂಟದಷ್ಟು ಒಣಗಿದ ಮೇಲೆ ಒಳಗಿನಿಂದ ಒತ್ತಿದೆ. ಹೊರಗಿನಿಂದ ಹಾಕಿದರೆ ದಪ್ಪವಾಗಿ ಬೆಲ್ಲೋಸ್ ಮಡಚಿಕೊಳ್ಳೋದಿಲ್ಲ. ಒಂದು ಪದರ ಸಾಲದ ಕಡೆ ಮೇಲೆ ಕಪ್ಪು ಫ್ಯಾಬ್ರಿಕ್ ಪೇಂಟ್. ಮತ್ತೆ ಟಾರ್ಚ್ ಇಟ್ಟು ನೋಡಿದಾಗ ಪೂರ್ತಿ ಕತ್ತಲೆ.

ಗಾಜು ಮತ್ತು ಹಿಂಬದಿ

ಫೋಕಸ್ ನೋಡುವ ಮಬ್ಬು ಗಾಜನ್ನು ಮನೆಯಲ್ಲೇ ಮಾಡಬಹುದು. ಮೂರು ಮಿಲಿಮೀಟರಿನ ಕಿಟಕಿ ಗಾಜು ಸಾಕು. ಉಜ್ಜಲು ಕಾರ್ಬೊರಂಡಮ್ ಪುಡಿ ಬೇಕು. ಅದು ಸಿಗದಿದ್ದರೆ ಬೈಕ್ ಮೆಕ್ಯಾನಿಕ್ಕುಗಳು ಇಂಜಿನ್ ವಾಲ್ವ್ ಉಜ್ಜಲು ಬಳಸುವ ಪೇಸ್ಟ್ ಆಗುತ್ತದೆ. ಆ ಡಬ್ಬಿಯಲ್ಲಿ ಎರಡು ಕಡೆ ಇರುತ್ತದೆ, ನಯವಾದ ಕಡೆಯದನ್ನೇ ತೆಗೆದುಕೊಳ್ಳಿ. ದೊಡ್ಡ ಗಾಜಿನ ಮೇಲೆ ಬೊಟ್ಟಿನಷ್ಟು ಪೇಸ್ಟ್, ಎರಡು ಹನಿ ಎಣ್ಣೆ. ಮೇಲೆ ಸಣ್ಣ ಗಾಜಿನ ತುಂಡು ಇಟ್ಟು ಸುತ್ತು ಸುತ್ತಾಗಿ ಉಜ್ಜಬೇಕು. ಮೊದಲು ಕಿರಗುಟ್ಟುತ್ತದೆ. ಸದ್ದು ಮೆತ್ತಗಾದರೆ ಪೇಸ್ಟ್ ಸವೆದಿದೆ ಅಂತ ಅರ್ಥ, ಹೊಸದು ಹಾಕಿ. ಗಾಜನ್ನು ಬೆಳಕಿಗೆ ಹಿಡಿದಾಗ ಎಲ್ಲೂ ಹೊಳೆಯುವ ಚುಕ್ಕಿ ಉಳಿದಿರಬಾರದು. ಮಬ್ಬಾದ ಮುಖ ಲೆನ್ಸಿನ ಕಡೆಗಿರಬೇಕು.

ಹಾಫ್ ಪ್ಲೇಟ್ ಫಿಲ್ಮ್ ಈಗ ಸಿಗೋದು ಕಷ್ಟ. ನಾಲ್ಕು ಇಂಚಿಗೆ ಐದು ಇಂಚಿನ ಶೀಟ್ ಫಿಲ್ಮ್ (ಬಿಡಿ ಹಾಳೆಯ ಫಿಲ್ಮ್) ಮತ್ತು ಅದನ್ನು ಬೆಳಕು ತಾಕದ ಹಾಗೆ ಹಿಡಿಯುವ ಹೋಲ್ಡರ್ ಸಿಗುತ್ತವೆ. ಅದಕ್ಕೆ ಹೊಂದುವ ಹಾಗೆ ಆರು ಮಿಲಿಮೀಟರ್ ಪ್ಲೈವುಡ್ಡಿನಲ್ಲಿ ಒಂದು ಚೌಕಟ್ಟು ಮಾಡಿಸಿದೆ. ಇಲ್ಲಿ ಎಲ್ಲಕ್ಕಿಂತ ಮುಖ್ಯವಾದ ಅಳತೆ ಒಂದಿದೆ. ಈ ಹೋಲ್ಡರುಗಳಲ್ಲಿ ಫಿಲ್ಮ್ ಅಂಚಿನಿಂದ 0.197 ಇಂಚು ಒಳಗೆ ಕೂರುತ್ತದೆ, ಅಂದರೆ ಸುಮಾರು 5 ಮಿಲಿಮೀಟರ್. ಮಬ್ಬು ಗಾಜೂ ಅಷ್ಟೇ ಆಳದಲ್ಲಿ ಇರಬೇಕು. ಕೂದಲೆಳೆ ಆಚೀಚೆ ಆದರೂ ಗಾಜಿನಲ್ಲಿ ಕಣ್ಣು ಚೂಪಾಗಿ ಕಂಡು, ಫಿಲ್ಮಿನಲ್ಲಿ ಕಿವಿ ಚೂಪಾಗಿರುತ್ತದೆ. ವರ್ನಿಯರ್ ಅನ್ನುವ ಸೂಕ್ಷ್ಮ ಅಳತೆಯ ಉಪಕರಣ ಹಿಡಿದು ನಾಲ್ಕು ಮೂಲೆಯಲ್ಲೂ ಅಳೆದು, ತಗ್ಗಿದ್ದ ಕಡೆ ಪೇಪರ್ ಚೂರು ಕೊಟ್ಟು ಎತ್ತರಿಸಿದೆ. ಜನತಾವಾಣಿ ಪತ್ರಿಕೆಯ ಒಂದು ಪುಟವನ್ನು ಓರೆಯಾಗಿ ನಿಲ್ಲಿಸಿ, ಒಂದು ಸಾಲಿಗೆ ಫೋಕಸ್ ಮಾಡಿ ತೆಗೆದು ನೋಡಿದರೆ ಹೊಂದಿದೆಯೋ ಇಲ್ಲವೋ ಗೊತ್ತಾಗಿಬಿಡುತ್ತದೆ.

ಫಿಲ್ಟರ್, ದೀಪ, ತಲೆ ಆನಿಕೆ

ಫಿಲ್ಟರುಗಳು ರ‍್ಯಾಟನ್ 25, 58, 47 ಅನ್ನುವ ನಂಬರಿನವು. ಕೆಂಪು, ಹಸಿರು, ನೀಲಿ. ಲೆನ್ಸಿಗೆ ತಿರುಗಿಸಿ ಹಾಕುವಂಥದ್ದು ಬೇಡ, ಪ್ರತಿ ಸಲ ಕ್ಯಾಮೆರಾ ಅಲುಗುತ್ತದೆ. ಉದ್ದ ಪಟ್ಟಿಯೊಂದರಲ್ಲಿ ಮೂರು ಕಿಟಕಿ ಕೊರೆದು, ಅದನ್ನು ಬೇರೆಯೇ ಸ್ಟ್ಯಾಂಡಿನ ಮೇಲೆ ಲೆನ್ಸಿನ ಮುಂದೆ ಜಾರುವ ಹಾಗೆ ಇಟ್ಟೆ. ಪಟ್ಟಿಗೂ ಕ್ಯಾಮೆರಾಕ್ಕೂ ಎಲ್ಲೂ ತಾಕುವುದಿಲ್ಲ. ಸಂದಿಯಲ್ಲಿ ಬೆಳಕು ನುಗ್ಗದ ಹಾಗೆ ಕಪ್ಪು ಬಟ್ಟೆಯ ಸಡಿಲ ತೋಳು. ಕ್ಯಾಮೆರಾ ಸ್ಟ್ಯಾಂಡಿಗೆ ಮರಳಿನ ಚೀಲ ತೂಗುಬಿಟ್ಟೆ.

ದೀಪಕ್ಕೆ ಹಳೆಯ ಹ್ಯಾಲೊಜೆನ್. ಮದುವೆ ವಿಡಿಯೊಗೆ ಹಿಡಿಯುತ್ತಿದ್ದರಲ್ಲ, ಅದೇ. ಈಗ ಅವನ್ನು ಯಾರೂ ಕೇಳೋದಿಲ್ಲ. ಅಗ್ಗದ ಎಲ್‌ಇಡಿಗಳ ಬೆಳಕಿನಲ್ಲಿ ಕೆಂಪು ಕಡಿಮೆ ಇರುತ್ತದೆ, ಮೈಬಣ್ಣಕ್ಕೆ ಅದೇ ಮುಖ್ಯ. ಹ್ಯಾಲೊಜೆನ್ನಿನಲ್ಲಿ ಕೆಂಪು ಧಾರಾಳ, ನೀಲಿ ಕಡಿಮೆ. ಆದ್ದರಿಂದ ನೀಲಿ ಫಿಲ್ಟರಿಗೆ ಜಾಸ್ತಿ ಹೊತ್ತು ಬೇಕು. 400ರ ವೇಗದ (ಬೆಳಕನ್ನು ಬೇಗ ಹಿಡಿಯುವ) ಫಿಲ್ಮಿಗೆ, ನನ್ನ ಕೋಣೆಯಲ್ಲಿ, ಕೆಂಪಿಗೆ 2 ಸೆಕೆಂಡ್, ಹಸಿರಿಗೆ ಎರಡೂವರೆ, ನೀಲಿಗೆ 5 ಸರಿಹೋಯಿತು. ಷಟರ್ ಬೇಕಿಲ್ಲ, ಲೆನ್ಸ್ ಕ್ಯಾಪ್ ತೆಗೆದು ಮುಚ್ಚಿದರೆ ಆಯಿತು. ಸರಿ ಇದೆಯಾ ಅಂತ ತಿಳಿಯಲು ಚೌಕಟ್ಟಿನ ಮೂಲೆಯಲ್ಲಿ ಒಂದು ಬೂದು ಕಾರ್ಡ್ ಇಡಿ. ಮೂರು ನೆಗೆಟಿವ್‌ನಲ್ಲೂ ಆ ಕಾರ್ಡ್ ಒಂದೇ ಥರ ಕಾಣಬೇಕು. ಜೊತೆಗೆ ಎರಡು ಕೂಡು ಗೆರೆಯ ಗುರುತು ಅಂಟಿಸಿಡಿ, ಆಮೇಲೆ ಪದರ ಹೊಂದಿಸಲು ಬೇಕಾಗುತ್ತದೆ.

ಫಿಲ್ಟರ್ ಜಾರಿಸಿ ಹೋಲ್ಡರ್ ಬದಲಿಸುವ ಹೊತ್ತಿಗೆ ಒಂದು ನಿಮಿಷ ಹಿಡಿಯುತ್ತದೆ. ಅಷ್ಟು ಹೊತ್ತು ಮುಖ ಅಲುಗಬಾರದು. ಅಲುಗಿದರೆ ಮೂಗಿನ ಅಂಚಿಗೆ ಒಂದು ಕಡೆ ಕೆಂಪು ಗೆರೆ, ಇನ್ನೊಂದು ಕಡೆ ನೀಲಿ ಗೆರೆ. ಹಿಂದಿನ ಕಾಲದ ಸ್ಟುಡಿಯೊಗಳಲ್ಲಿ ಇದ್ದ ತಲೆ ಆನಿಕೆಯನ್ನೇ ವೆಲ್ಡರ್ ಹತ್ತಿರ ಮಾಡಿಸಿದೆ. ನೀರಿನ ಪೈಪು, ಭಾರದ ತಳ, ಮೇಲೆ ಎರಡು ಕವಲು, ಅದಕ್ಕೆ ಸ್ಪಂಜು. ಜಡೆ ಮತ್ತು ಸೆರಗಿನ ಹಿಂದೆ ಕಾಣದೇ ಹೋಗುತ್ತದೆ.

ಪರದೆ

ನಾಟಕ ಕಂಪನಿಗಳಿಗೆ ಪರದೆ ಬರೆದ ಹಿರಿಯರೊಬ್ಬರು ಸಿಕ್ಕಿದರು. ಚಿಂದೋಡಿ ಲೀಲಾ ಅವರಂಥ ಹೆಣ್ಣುಮಗಳು ಕಂಪನಿಯನ್ನೇ ನಡೆಸಿದ ಊರು ಇದು, ಪರದೆಯ ಕೈ ಇನ್ನೂ ಪೂರ್ತಿ ಹೋಗಿಲ್ಲ. ಅವರು ಅರಮನೆ ಬರೆಯಲಾ, ತೋಟ ಬರೆಯಲಾ ಅಂದರು. ಚಿತ್ರದುರ್ಗದ ಬಂಡೆ ಬೇಕು ಅಂದೆ. ಬಂಡೆಯ ಸಂದಿಗೆ ನೀಲಿ, ಬಿಸಿಲು ಬಿದ್ದ ಕಡೆ ಕಾವಿ. ನೀಲಿ ಕೆಂಪು ಫಿಲ್ಟರಿನಲ್ಲಿ ಕಪ್ಪಾಗುತ್ತದೆ, ಕಾವಿ ನೀಲಿ ಫಿಲ್ಟರಿನಲ್ಲಿ ಕಪ್ಪಾಗುತ್ತದೆ. ಇದನ್ನು ಹೇಳಿದ ಕೂಡಲೇ ಅವರಿಗೆ ಅರ್ಥವಾಯಿತು. ನಾಟಕದಲ್ಲಿ ಬಣ್ಣದ ದೀಪ ಬಿಟ್ಟಾಗ ಪರದೆ ಹೀಗೇ ಬದಲಾಗುತ್ತಲ್ವಾ ಅಂದರು.

ಕೂತವರು

ಯೆವಾಂಡ್ ಹತ್ತಿರ ಕೂತವರು ಸಿರಿವಂತರು. ನನ್ನಲ್ಲಿ ಕೂತವರು ಅಕ್ಕಪಕ್ಕದವರು. ನಿಯಮ ಒಂದೇ: ಯಾರಾಗಬೇಕು ಅನ್ನೋದನ್ನು ಅವರೇ ಹೇಳಬೇಕು, ಹೇಗೆ ನಿಲ್ಲಬೇಕು ಅನ್ನೋದನ್ನೂ.

ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುವ ಅಕ್ಕ ಒಬ್ಬರು ಓಬವ್ವ ಆಗ್ತೀನಿ ಅಂದರು. ಒನಕೆ ಓಬವ್ವನನ್ನು ಕಣ್ಣಾರೆ ಕಂಡು ಬರೆದ ಚಿತ್ರ ನಮಗೆ ಉಳಿದಿಲ್ಲ. ಕೋಟೆಯ ಕಾವಲುಗಾರ ಮುದ್ದಹನುಮನ ಹೆಂಡತಿ, ಕಿಂಡಿಯಲ್ಲಿ ನುಸುಳಿದ ಹೈದರಾಲಿಯ ಸೈನಿಕರನ್ನು ಒನಕೆಯಲ್ಲಿ ಹೊಡೆದವಳು. ಆಕೆಯ ಮುಖ ಅಂದರೆ ನಮ್ಮ ಮನಸ್ಸಿಗೆ ಬರೋದು 1972ರ ‘ನಾಗರಹಾವು’ ಸಿನಿಮಾದ ಜಯಂತಿ, ಇಲ್ಲವೇ ಪ್ರತಿಮೆ. 2021ರಿಂದ ನವೆಂಬರ್ 11ಕ್ಕೆ ಸರ್ಕಾರ ಓಬವ್ವನ ಜಯಂತಿಯನ್ನೂ ಆಚರಿಸುತ್ತಿದೆ. ಎಲ್ಲ ಕಡೆ ಒನಕೆ ಎತ್ತಿದ ಭಂಗಿ, ಕೆರಳಿದ ಕಣ್ಣು.

ಅಕ್ಕನೂ ಮೊದಲು ಹಾಗೇ ನಿಂತರು. ಆಮೇಲೆ ಒನಕೆ ಇಳಿಸಿ, ‘ಅಷ್ಟು ಮಂದಿನ ಹೊಡೆದ ಮ್ಯಾಲೆ ರಟ್ಟೆ ಸೋತಿರಂಗಿಲ್ಲೇನು? ನಾ ಹಿಂಗ ನಿಂದ್ರತೀನಿ’ ಅಂದರು. ಒನಕೆಯನ್ನು ನೆಲಕ್ಕೆ ಊರಿ, ಎರಡೂ ಕೈಯನ್ನು ಅದರ ತುದಿಗೆ ಹಾಕಿ, ಗಲ್ಲವನ್ನು ಕೈ ಮೇಲೆ ಆನಿಸಿ ನೇರವಾಗಿ ಲೆನ್ಸ್ ನೋಡಿದರು. ತಲೆ ಆನಿಕೆಯೇ ಬೇಕಾಗಲಿಲ್ಲ. ಎತ್ತಿದ ಒನಕೆಯನ್ನು ಒಂದು ನಿಮಿಷ ಅಲುಗದೇ ಹಿಡಿಯಲು ಯಾರಿಗೂ ಆಗೋದಿಲ್ಲ. ದಣಿದ ಓಬವ್ವ ಕಲ್ಲಿನಂತೆ ನಿಂತಳು. ಈ ಓಬವ್ವನನ್ನು ನಾನು ಎಲ್ಲೂ ನೋಡಿರಲಿಲ್ಲ. ದುಡಿಯುವ ಹೆಂಗಸಿಗೆ ಮಾತ್ರ ಹೊಳೆಯುವ ಭಂಗಿ ಇದು ಅಂತ ನನ್ನ ನಂಬಿಕೆ.

ನಿವೃತ್ತ ಟೀಚರ್ ಒಬ್ಬರು ಶಾಂತವ್ವ ಆದರು. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯನ್ನು ಕಟ್ಟಿಸಿದವಳು ಅಂತ ಜನ ಹೇಳುವ ರಾಜಕುಮಾರಿ. ಜಾಗ ಬಿಟ್ಟುಕೊಟ್ಟ ಸೂಳೆಯರು ಕೆರೆಗೆ ತಮ್ಮ ಹೆಸರೇ ಇರಬೇಕು ಅಂತ ಷರತ್ತು ಹಾಕಿದರಂತೆ. ಟೀಚರ್ ಕಿರೀಟ ಒಲ್ಲೆ ಅಂದರು. ಕೈಯಲ್ಲಿ ಅಳತೆಯ ಹಗ್ಗ ಹಿಡಿದು ಕೂತರು. ಕೆರೆ ಕಟ್ಟಿಸಿದವಳಿಗೆ ಅದಕ್ಕಿಂತ ಒಳ್ಳೆಯ ಒಡವೆ ಯಾವುದಿದೆ?

ಕಾಲೇಜು ಹುಡುಗಿಯೊಬ್ಬಳು ದೊಡ್ಡಾಟದ ರಾಜನ ವೇಷ ಕೇಳಿದಳು. ಭುಜಕೀರ್ತಿ, ಮೀಸೆ ಎಲ್ಲ. ಗಂಡಸರು ಹೆಣ್ಣು ವೇಷ ಹಾಕಿದ ಫೋಟೋಗಳು ರಂಗಭೂಮಿಯ ಇತಿಹಾಸದಲ್ಲಿ ಬೇಕಾದಷ್ಟಿವೆ, ನನ್ನದು ಇರಲಿ ಅಂದಳು. ಮೀಸೆ ಹಚ್ಚಿದ ಕೂಡಲೇ ಕಾಲು ಅಗಲಿಸಿ ಕೂತಳು. ಯಾರೂ ಹೇಳಿಕೊಟ್ಟಿರಲಿಲ್ಲ.

ಇಲ್ಲಿ ಪುಷ್ಪಮಾಲಾ ಎನ್. ಅವರನ್ನು ನೆನೆಯಲೇಬೇಕು. ಬೆಂಗಳೂರಿನವರು, ಶಿಲ್ಪ ಕಲಿತು ಆಮೇಲೆ ಕ್ಯಾಮೆರಾ ಮುಂದೆ ತಾವೇ ವೇಷ ಹಾಕಿ ನಿಂತವರು. 2000ದಿಂದ 2004ರವರೆಗೆ ಫೋಟೋಗ್ರಾಫರ್ ಕ್ಲೇರ್ ಆರ್ನಿ ಅವರ ಜೊತೆ ದಕ್ಷಿಣ ಭಾರತದ ಹೆಂಗಸರ ಚಿತ್ರಗಳನ್ನು ಮತ್ತೆ ಕಟ್ಟಿದರು. ರವಿವರ್ಮನ ಲಕ್ಷ್ಮಿಯೂ ಇದ್ದಾಳೆ. ಬ್ರಿಟಿಷರ ಕಾಲದಲ್ಲಿ ಚೌಕಳಿ ಪರದೆಯ ಮುಂದೆ ನಿಲ್ಲಿಸಿ ಮೈ ಅಳೆದು ತೆಗೆದ ಫೋಟೋಗಳ ಥರದ್ದೂ ಇದೆ. ಹೆಣ್ಣನ್ನು ನೋಡುವ ಕಣ್ಣು ಯಾರದ್ದು ಅನ್ನೋದು ಅಲ್ಲಿ ಮುಖಕ್ಕೆ ಹೊಡೆದ ಹಾಗೆ ಕಾಣುತ್ತದೆ. ಇನ್ನೂ ಹಿಂದೆ ಹೋದರೆ 1892ರಲ್ಲಿ ಫೋಟೋಗ್ರಾಫರ್ ಲಾಲಾ ದೀನದಯಾಳ್ ಹೈದರಾಬಾದಿನಲ್ಲಿ ಜನಾನಾ ಸ್ಟುಡಿಯೊ ತೆರೆದಿದ್ದರು. ನಡೆಸಿದ್ದು ಕೆನ್ನಿ ಲೆವಿಕ್ ಅನ್ನುವ ಮಹಿಳೆ. ಪರದೆಯ ಹಿಂದಿನ ಹೆಂಗಸರ ಫೋಟೋ ತೆಗೆಯಲು ಹೆಂಗಸೇ ಬೇಕಿತ್ತು.

ಕತ್ತಲೆ ಕೋಣೆ

ಈ ಫಿಲ್ಮಿಗೆ ಎಲ್ಲ ಬಣ್ಣವೂ ಕಾಣುತ್ತದೆ, ಹಾಗಾಗಿ ಕೆಂಪು ದೀಪವೂ ಬೇಡ, ಪೂರ್ತಿ ಕತ್ತಲೆಯೇ ಬೇಕು. ಚಿತ್ರ ಮೂಡಿಸುವ ರಾಸಾಯನಿಕ ಡಿ-76 ಡೆವಲಪರ್. ನಮ್ಮ ಬೇಸಿಗೆಯಲ್ಲಿ ನಲ್ಲಿ ನೀರೇ ಬಿಸಿ, ಐಸ್ ಇಟ್ಟು 24 ಡಿಗ್ರಿಗೆ ಇಳಿಸಬೇಕು. ನೀಲಿ ಫಿಲ್ಟರಿನ ನೆಗೆಟಿವ್ ಸ್ವಲ್ಪ ಸಪ್ಪೆ ಬರುತ್ತದೆ, ಅದಕ್ಕೆ ಜಾಸ್ತಿ ಹೊತ್ತು ಕೊಡಬೇಕು.

ಓಬವ್ವ ಅಕ್ಕನ ಮೂರು ನೆಗೆಟಿವ್ ಒಣಗಿದ ಮೇಲೆ ಪಾಸಿಟಿವ್ ಮಾಡಿ (ಕಪ್ಪು ಬಿಳುಪನ್ನು ಅದಲು ಬದಲು ಮಾಡಿ) ಸಾಲಾಗಿ ಇಟ್ಟೆ. ಒಂದೇ ಮುಖ, ಒಂದೇ ದೀಪ, ಒಂದೇ ನಿಮಿಷ. ಕೆಂಪು ಫಿಲ್ಟರಿನಲ್ಲಿ ಅಕ್ಕ ಬೆಳ್ಳಗೆ, ಮುಖದ ಕಲೆಗಳೆಲ್ಲ ಮಾಯ, ತುಟಿಯೂ ಪೇಲವ. ಹಸಿರಿನಲ್ಲಿ ನಾವು ದಿನಾ ನೋಡುವ ಮುಖ. ನೀಲಿಯಲ್ಲಿ ಎಣ್ಣೆಗಪ್ಪು, ಭಟ್ಟಿಯ ಬಿಸಿಗೆ ಗಲ್ಲದ ಮೇಲೆ ಎದ್ದ ಒಂದೊಂದು ಚುಕ್ಕಿಯೂ ಸ್ಪಷ್ಟ. ನಮ್ಮ ಮೈಬಣ್ಣದಲ್ಲಿ ಕೆಂಪು ಜಾಸ್ತಿ, ನೀಲಿ ಕಡಿಮೆ. ಅದಕ್ಕೇ ಹೀಗೆ. ಮೊದಮೊದಲ ಫೋಟೋ ಪ್ಲೇಟುಗಳಿಗೆ ನೀಲಿ ಬೆಳಕು ಮಾತ್ರ ತಾಕುತ್ತಿತ್ತು, ಕಂದು ಮೈ ಇದ್ದದ್ದಕ್ಕಿಂತ ಕಪ್ಪಾಗಿ ಬೀಳುತ್ತಿತ್ತು. ಅದರ ಮೇಲೆ ಪೌಡರ್, ಅದರ ಮೇಲೆ ರೀಟಚಿಂಗ್. ಎಷ್ಟು ಹೆಣ್ಣುಮಕ್ಕಳು ‘ಫೋಟೋದಲ್ಲಿ ಕಪ್ಪು’ ಅನ್ನಿಸಿಕೊಂಡು ಅತ್ತಿದ್ದಾರೋ. ಆ ಬಣ್ಣ ಅವರ ಮುಖದ್ದಲ್ಲ, ಪ್ಲೇಟಿನದು.

ಅಕ್ಕನನ್ನು ಕರೆದು ಮೂರನ್ನೂ ತೋರಿಸಿದೆ. ನೀಲಿಯದನ್ನೇ ಬಹಳ ಹೊತ್ತು ನೋಡಿದರು. ‘ಇದು ನಮ್ಮವ್ವ ಇದ್ದಂಗ ಐತಿ’ ಅಂದರು. ಅದರದ್ದೇ ಒಂದು ಕಾಪಿ ಬೇರೆಯಾಗಿ ಕೇಳಿ ತೆಗೆದುಕೊಂಡು ಹೋದರು.

ಪದರ ಕೂರಿಸೋದು

ವಿವೆಕ್ಸ್ ಕಾರ್ಖಾನೆ 1939ರಲ್ಲಿ ಯುದ್ಧ ಶುರುವಾದಾಗ ಮುಚ್ಚಿತು. ಆ ಪಿಗ್ಮೆಂಟ್ ವಿಧಾನ ಮನೆಯಲ್ಲಿ ಕಷ್ಟ. ನಾನು ಮಾಡಿದ್ದು ಹೀಗೆ. ನೆಗೆಟಿವ್‌ಗಳನ್ನು ಲೈಟ್ ಟೇಬಲ್ ಮೇಲೆ ಇಟ್ಟು ಡಿಜಿಟಲ್ ಕ್ಯಾಮೆರಾದಲ್ಲಿ ಕಾಪಿ ಮಾಡಿ, ಗಿಂಪ್ ಅನ್ನುವ ಫೋಟೋ ತಿದ್ದುವ ಸಾಫ್ಟ್‌ವೇರಿನಲ್ಲಿ ಪಾಸಿಟಿವ್ ಮಾಡಿದೆ. ಕೆಂಪು ಫಿಲ್ಟರಿನದನ್ನು ಸಯಾನ್ (ಹಸಿರು ಮಿಶ್ರಿತ ನೀಲಿ) ಬಣ್ಣದಲ್ಲಿ, ಹಸಿರಿನದನ್ನು ಮಜೆಂಟಾದಲ್ಲಿ (ನೇರಳೆ ಮಿಶ್ರಿತ ಗುಲಾಬಿ), ನೀಲಿಯದನ್ನು ಹಳದಿಯಲ್ಲಿ ಇಂಕ್‌ಜೆಟ್ಟಿನ ಓಎಚ್‌ಪಿ ಪಾರದರ್ಶಕ ಹಾಳೆಗಳ ಮೇಲೆ ಪ್ರಿಂಟ್ ತೆಗೆದೆ. ಗಿಂಪ್‌ನ ಕಂಪೋಸ್ ಅನ್ನುವ, ಮೂರು ಬಣ್ಣ ಸೇರಿಸುವ ಆಯ್ಕೆಯಲ್ಲಿ ಕೆಂಪಿನ ಜಾಗಕ್ಕೆ ಪಾಸಿಟಿವ್ ಕೊಟ್ಟು, ಉಳಿದೆರಡು ಜಾಗಕ್ಕೆ ಪೂರ್ತಿ ಬಿಳಿ ಕೊಟ್ಟರೆ ಸಯಾನ್ ಹಾಳೆ ಸಿದ್ಧ. ಉಳಿದವೂ ಹಾಗೇ.

ಕೆಳಗೆ ಬಿಳಿ ಆರ್ಟ್ ಪೇಪರ್. ಮೊದಲು ಹಳದಿ, ಅದರ ಮೇಲೆ ಮಜೆಂಟಾ. ಗುರುತುಗಳನ್ನು ಹೊಂದಿಸಿ ಟೇಪ್ ಹಾಕಿ. ಅಲ್ಲಿಯವರೆಗೆ ಮುಖ ಕೆಂಡದ ಬಣ್ಣದಲ್ಲಿರುತ್ತದೆ. ಸಯಾನ್ ಹಾಳೆ ಮೇಲೆ ಜಾರಿಸುತ್ತಾ ಬಂದ ಹಾಗೆ ಕೂದಲು ಕಪ್ಪಾಗುತ್ತದೆ, ಬಂಡೆಯ ಸಂದಿ ನೀಲಿಯಾಗುತ್ತದೆ, ಕಣ್ಣಿನ ಬಿಳಿ ಬಿಳಿಯಾಗುತ್ತದೆ. ಗುರುತಿಗಿಂತ ಕಣ್ಣಿನ ಅಂಚನ್ನೇ ನೋಡಿ ಹೊಂದಿಸಿ, ನೋಡುವವರ ಗಮನ ಹೋಗೋದು ಅಲ್ಲಿಗೇ. ಓಬವ್ವನ ಒನಕೆಯ ಕಬ್ಬಿಣದ ಬಳೆಗೆ ತೆಳ್ಳಗೆ ಕೆಂಪಂಚು ಉಳಿಯಿತು. ಹಾಗೇ ಬಿಟ್ಟೆ, ನನಗೆ ಅದು ಚೆಂದ ಕಂಡಿತು.

ಯೆವಾಂಡ್ 1975ರಲ್ಲಿ ತೀರಿಕೊಂಡರು. ಅವರ ಮೂರು ಬಣ್ಣದ ನೆಗೆಟಿವ್‌ಗಳ ಸಂಗ್ರಹವನ್ನು ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿ 2021ರಲ್ಲಿ ಪಡೆದುಕೊಂಡಿತು. ನಮ್ಮ ಊರುಗಳಲ್ಲಿ ಸ್ಟುಡಿಯೊ ಮುಚ್ಚಿದರೆ ಪ್ಲೇಟುಗಳನ್ನು ತೊಳೆದು ಕಿಟಕಿ ಗಾಜು ಮಾಡಿಬಿಡುತ್ತಾರೆ, ನೆಗೆಟಿವ್ ಗುಜರಿಗೆ ಹೋಗುತ್ತದೆ. ದಾವಣಗೆರೆ, ಚಿತ್ರದುರ್ಗ, ಹರಿಹರದ ಕಡೆ ಯಾರ ಮನೆಯ ಅಟ್ಟದಲ್ಲಾದರೂ ಹಳೆಯ ಸ್ಟುಡಿಯೊದ ಡಬ್ಬಿಗಳಿದ್ದರೆ ದಯವಿಟ್ಟು ಎಸೆಯಬೇಡಿ. ಒಣಗಿದ ಜಾಗದಲ್ಲಿ, ಒಂದೊಂದಕ್ಕೂ ಪೇಪರ್ ಸುತ್ತಿ, ನಿಲ್ಲಿಸಿ ಇಡಿ. ಫೋಟೋದಲ್ಲಿ ಇರುವವರು ಯಾರು ಅಂತ ಮನೆಯ ಹಿರಿಯರನ್ನು ಕೇಳಿ ಲಕೋಟೆಯ ಮೇಲೆ ಪೆನ್ಸಿಲ್ಲಿನಲ್ಲಿ ಬರೆಯಿರಿ. ಹೆಂಗಸರಿದ್ದರೆ ಇಂಥವರ ಹೆಂಡತಿ ಅಂತ ಬರೆದು ಬಿಡಬೇಡಿ, ಅವರ ಹೆಸರನ್ನೇ ಬರೆಯಿರಿ.